ಗರಸು ಹಾದಿಯ ಗದ್ಯ

ಪ್ರವಾಸ ಕಥನವನ್ನು ವಿಮರ್ಶಿಸುವಾಗ ನಾವು ಲೇಖಕನ ಪಾಂಡಿತ್ಯವನ್ನು ನೋಡುತ್ತೇವೆ, ಶೈಲಿಯನ್ನು ನೋಡುತ್ತೇವೆ, ಅವನು ಕಂಡ ಸ್ಥಳಗಳ ಹಿರಿಮೆಯನ್ನು ನೋಡುತ್ತೇವೆ. ಅವನು ಏರಿದ ವಾಹನ ಯಾವುದು ಎಂದು ಕೇಳುವವರು ವಿರಳ. ಆದರೆ ವಾಹನದ ನಡೆಗೂ ಗದ್ಯದ ನಡೆಗೂ ನಿಕಟವಾದ ಸಂಬಂಧವುಂಟು. ಕಾಲ್ನಡಿಗೆಯವನ ವಾಕ್ಯ ಒಂದು ಗಿಡದ ಬಳಿ ನಿಲ್ಲುತ್ತದೆ. ರೈಲಿನವನ ವಾಕ್ಯ ನಿಲ್ದಾಣದಿಂದ ನಿಲ್ದಾಣಕ್ಕೆ ಜಿಗಿಯುತ್ತದೆ. ವಿಮಾನದವನ ಗ್ರಂಥ ಇಳಿದ ಊರಿನಲ್ಲಿಯೇ ಆರಂಭವಾಗುತ್ತದೆ. ನಮ್ಮ ಪ್ರವಾಸ ಸಾಹಿತ್ಯದಲ್ಲಿ ಮುಟ್ಟಿದ ಊರುಗಳು ಬಹಳ, ನಡುವಣ ದಾರಿ ಸ್ವಲ್ಪ. ಕೊಟ್ಟೂರು, ಉಜ್ಜಿನಿಗಳ ಸೀಮೆಯವರಿಗೆ ಪರಿಚಿತವಾದ ಮಾತಿನಲ್ಲಿ ಹೇಳುವುದಾದರೆ, ಅದರಲ್ಲಿ ಸ್ಥಾವರ ಹೆಚ್ಚು, ಜಂಗಮ ಕಡಿಮೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಡಾಂಬರು ಕಾಣದ ಹಾದಿಗಳಲ್ಲಿ, ಕಾಡು ಗುಡ್ಡಗಳ ನಡುವೆ ಸೈಕಲ್ ತುಳಿಯುವ ಹವ್ಯಾಸ ಈಚಿನ ವರ್ಷಗಳಲ್ಲಿ ಲೋಕದ ಹಲವು ಕಡೆ ಹಬ್ಬಿದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಹುಲ್ಲುಗುಡ್ಡಗಳಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಪಂದ್ಯ ಅದಕ್ಕೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಇದಕ್ಕೆಂದೇ ಮಾಡಿದ ಸೈಕಲ್ಲಿಗೆ ಪಂದ್ಯದ ಸೈಕಲ್ಲಿನ ಬಾಗಿದ ಹಿಡಿಯಿರುತ್ತದೆ. ಟೈರು ಮಾತ್ರ ಅದರದಕ್ಕಿಂತ ಅಗಲ, ಸುಮಾರು 40 ಮಿಲಿಮೀಟರು. ಇಂಗ್ಲಿಷಿನವರು ‘ಗ್ರಾವೆಲ್’ ಎನ್ನುವುದಕ್ಕೆ ನಮ್ಮ ಕಡೆಯ ರೈತರಲ್ಲಿ ಎಂದಿನಿಂದಲೂ ‘ಗರಸು’ ಎಂಬ ಮಾತಿದೆ. ಆದ್ದರಿಂದ ಇದನ್ನು ಗರಸು ಹಾದಿಯ ಸವಾರಿ ಎಂದು ಕರೆದರೆ ಯಾರಿಗೂ ತೊಡಕಾಗದು. ಕರ್ನಾಟಕದಲ್ಲಿಯೂ ಈ ಹವ್ಯಾಸದವರಿದ್ದಾರೆ, ತಮ್ಮ ಸವಾರಿಯನ್ನು ಕುರಿತು ಬರೆಯುತ್ತಲೂ ಇದ್ದಾರೆ. ಅವರ ಬರವಣಿಗೆ ಸಾಹಿತ್ಯವಾಗಬೇಕಾದರೆ ಏನು ಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು. ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆ ತಿರುಗಿದರೆ ಬಂಡೆಯ ಮೇಲೆ ಬಂಡೆ ಒಟ್ಟಿದ ಗುಡ್ಡಗಳು, ಪಾಳೆಯಗಾರರ ಕೋಟೆ, ಕುರುಚಲು ಕಾಡು. ಹರಪನಹಳ್ಳಿಯ ಕಡೆ ಬಾಗಳಿಯ ಕಲ್ಲೇಶ್ವರ ದೇವಾಲಯ, ಉಚ್ಚಂಗಿದುರ್ಗದ ಬೆಟ್ಟ. ಹಡಗಲಿ ದಾಟಿದರೆ ತುಂಗಭದ್ರೆಯ ದಂಡೆಯ ಮೈಲಾರ. ಊರುಗಳ ನಡುವೆ ಡಾಂಬರು ರಸ್ತೆಗಳಿವೆ. ಹೊಲ, ಹಟ್ಟಿ, ಗುಡ್ಡಗಳ ನಡುವೆ ಈಗಲೂ ಬಂಡಿ ಜಾಡುಗಳೂ ಕುರಿಯ ದಾರಿಗಳೂ ಇವೆ. ಮಸಾರೆ ನೆಲದ ಗರಸಿನ ಮೇಲೆ ಮಳೆ ನಿಂತ ಮೇಲೆ ಬೇಗ ಸೈಕಲ್ ಹೊಡೆಯಬಹುದು. ಎರೆ ನೆಲ ಬಂತೆಂದರೆ ಮಣ್ಣು ಗಾಲಿಗೆ ಮೆತ್ತಿ, ಸವಾರನೇ ಸೈಕಲ್ಲನ್ನು ಹೊರಬೇಕಾಗುತ್ತದೆ. ಕಾರಿನಲ್ಲಿ ಕುಳಿತವನಿಗೆ ಇವೆರಡೂ ಬರಿಯ ಬಣ್ಣಗಳು. ಸೈಕಲ್ಲಿನವನ ತೊಡೆಗೆ ಅವುಗಳ ಭೇದ ತಿಳಿಯುತ್ತದೆ.

ಸೈಕಲ್ ಪ್ರವಾಸದ ಗ್ರಂಥಗಳಿಗೆ ಬೇರೆ ಭಾಷೆಗಳಲ್ಲಿ ಒಂದು ಪರಂಪರೆಯೇ ಇದೆ. ಥಾಮಸ್ ಸ್ಟೀವನ್ಸ್ 1884ರಿಂದ 1886ರವರೆಗೆ ಎತ್ತರದ ಮುಂಗಾಲಿಯ ಸೈಕಲ್ಲಿನಲ್ಲಿ ಲೋಕ ಸುತ್ತಿ ಎರಡು ಸಂಪುಟಗಳನ್ನು ಬರೆದ. ಮುಂಬಯಿಯಿಂದ 1923ರಲ್ಲಿ ಹೊರಟ ಪಾರಸಿ ತರುಣರ ಪೈಕಿ ಹಕೀಮ್, ಬಾಪಸೋಲಾ, ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ತುಳಿದು 1928ರಲ್ಲಿ ಮರಳಿದರು. ಅವರ ಗ್ರಂಥಕ್ಕೆ ಜವಾಹರಲಾಲ ನೆಹರೂ ಮುನ್ನುಡಿ ಬರೆದರು. ಬಂಗಾಳಿಯಲ್ಲಿ ಬಿಮಲ್ ಮುಖರ್ಜಿಯವರ ‘ದು ಚಾಕಾಯ್ ದುನಿಯಾ’ ಇದೆ. ಇವು ಸಾಹಸದ ಗ್ರಂಥಗಳು. ಇಂಥ ಸಾಹಸದ ಮೊದಲ ಅಳತೆ ದೂರ. ವಾಚಕನು ಬೆರಗಾಗುವುದೂ ಮುಖ್ಯವಾಗಿ ದೂರಕ್ಕೆ.

ಡರ್ವ್ಲಾ ಮರ್ಫಿಯ ಗ್ರಂಥದ ರೀತಿ ಬೇರೆ. ಈಕೆ 1963ರ ಜನವರಿಯಲ್ಲಿ ಐರ್ಲೆಂಡಿನಿಂದ ಹೊರಟು ಅದೇ ವರ್ಷ ದಿಲ್ಲಿಯನ್ನು ಮುಟ್ಟಿದರು. ಗ್ರಂಥ 1965ರಲ್ಲಿ ಬಂದಿತು. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನು ಮೊಟಕು ಮಾಡಿ ತನ್ನ ಸೈಕಲ್ಲಿಗೆ ‘ರೋಜ್’ ಎಂದು ಹೆಸರಿಟ್ಟ ಈಕೆ, ಕೆಟ್ಟ ರಸ್ತೆಗಳಿಗೆ ತಾಳಲಾರವೆಂದು ಗೇರುಗಳನ್ನು ಹೊರಡುವ ಮೊದಲೇ ತೆಗೆಸಿಬಿಟ್ಟಿದ್ದರು. ಗ್ರಂಥದ ಬಹುಭಾಗ ದಿನಚರಿ. ಹಗಲಲ್ಲಿ ತುಳಿದುದನ್ನು ತಂಗಿದ ಕಡೆ ಬರೆದಿಟ್ಟ ಗದ್ಯವಿದು. ಆದಕಾರಣ ಇದರಲ್ಲಿ ಗೆಲವಿನ ಧ್ವನಿಗಿಂತ ಉಪಕಾರ ಸ್ಮರಣೆ ಹೆಚ್ಚು. ಅನ್ನವಿಟ್ಟವರೂ ಜಾಗ ಕೊಟ್ಟವರೂ ಪುಟಪುಟದಲ್ಲಿ ಬರುತ್ತಾರೆ. ಸೈಕಲ್ಲಿನವನು ಬಿಸಿಲಲ್ಲಿ ಬಳಲಿ, ಮುಖದಲ್ಲಿ ಧೂಳು ತುಂಬಿಕೊಂಡು ಊರು ಹೊಗುತ್ತಾನೆ. ನೀರು ಕೇಳದೆ ಅವನಿಗೆ ಗತಿಯಿಲ್ಲ. ಈ ಪರಾಧೀನತೆಯೇ ಈ ಬಗೆಯ ಸಾಹಿತ್ಯದ ಬಂಡವಾಳ.

ಇನ್ನು ಕನ್ನಡಕ್ಕೆ ಬರೋಣ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ನಮ್ಮ ನೆರೆಯ ಹಂಪೆಯನ್ನೇ ಕುರಿತದ್ದು. ಹಾಳಿನ ಮುಂದೆ ನಿಂತ ಮನಸ್ಸಿನ ಗಾಂಭೀರ್ಯ ಅದರ ಗುಣ. ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ದೂರದ ನಾಡುಗಳನ್ನು ಮನೆಯಂಗಳಕ್ಕೆ ತಂದವು. ದಾರಿಯನ್ನೇ ವಸ್ತುವನ್ನಾಗಿ ಮಾಡಿಕೊಂಡ ಕೃತಿ ಬೇಕೆಂದರೆ ನಾನು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿನ ಕಡೆ ಕೈ ತೋರುತ್ತೇನೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸಸ್ಯಗಳನ್ನು ಅರಸುತ್ತ ಅಲೆದ ಈ ಕಥನಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಯುಕ್ತವೇ. ಅದರಲ್ಲಿ ಪ್ರತಿ ಗಿಡಕ್ಕೂ ಹೆಸರುಂಟು, ನಗೆಯೂ ಉಂಟು. ಮಂಗಳೂರಿನ ಜಿ. ಎನ್. ಅಶೋಕವರ್ಧನರು ಬೈಕು, ಸೈಕಲ್ಲುಗಳಲ್ಲಿ ಅಲೆದು ಬರೆದ ಕಥನಗಳಲ್ಲಿಯೂ ದಾರಿಗೆ ಸಲ್ಲಬೇಕಾದ ಗಮನ ಸಂದಿದೆ.

ಆದರೂ ಒಂದು ಕೊರತೆ ಉಳಿಯುತ್ತದೆ. ಕನ್ನಡದಲ್ಲಿ ಕಾಡೆಂದರೆ ಮಲೆನಾಡು. ‘ಮಲೆಗಳಲ್ಲಿ ಮದುಮಗಳು’ ಬಂದ 1967ರ ಹೊತ್ತಿಗೆ ಆ ಕಾಡಿಗೆ ಒಂದು ಮಹಾಕಾದಂಬರಿಯ ಭಾಷೆ ದೊರೆತಿತ್ತು. ತೇಜಸ್ವಿಯವರು ಅದಕ್ಕೆ ಮತ್ತೊಂದು ನುಡಿಗಟ್ಟು ಕೊಟ್ಟರು. ಬಯಲುಸೀಮೆಯ ಕುರುಚಲು ಕಾಡಿಗೆ ಆ ಭಾಗ್ಯ ಬರಲಿಲ್ಲ. ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಈ ಸೀಮೆಯ ಜನರ ಮಾತನ್ನು ಸಾಹಿತ್ಯಕ್ಕೆ ತಂದರು. ‘ಅರಮನೆ’ಗೆ 2007ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಿತು. ಜನಕ್ಕೆ ಗದ್ಯ ಸಿಕ್ಕಿತು. ಅವರ ಗುಡ್ಡಕ್ಕೆ ಇನ್ನೂ ಸಿಗಬೇಕಾಗಿದೆ.

ಸಾಹಿತ್ಯದಲ್ಲಿ ಹೆಸರಿಲ್ಲದ ನೆಲಕ್ಕೆ ಕಡತದಲ್ಲಿ ಯಾವ ಹೆಸರು ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಕೇಂದ್ರ ಸರ್ಕಾರ 2000ದಲ್ಲಿ ಮೊದಲ ಬಾರಿ ಪ್ರಕಟಿಸಿದ ಪಾಳುಭೂಮಿಯ ಭೂಪಟಗಳ ಸಂಪುಟದಲ್ಲಿ ಕುರುಚಲು ಬೆಳೆದ ನೆಲವೂ ‘ಪಾಳು’ ಎಂಬ ವರ್ಗಕ್ಕೇ ಸೇರಿತು. ಪಾಳು ಎಂದಮೇಲೆ ಅದನ್ನು ಏನಕ್ಕಾದರೂ ಕೊಡಬಹುದು, ಅಗೆಯಬಹುದು, ಬೇಲಿ ಹಾಕಬಹುದು. ಆದರೆ ಆ ನೆಲದಲ್ಲಿ ಕಮರವಿದೆ, ತಂಗಡಿಯಿದೆ, ಬಂದರಿಕೆಯಿದೆ, ಕಾರೆ ಬಾರೆಗಳಿವೆ, ಸೀತಾಫಲವಿದೆ. ಅಲ್ಲಿಯ ಹಣ್ಣು, ಗೆದ್ದಲು, ಜೇನನ್ನು ನಂಬಿ ಕರಡಿ ಬದುಕುತ್ತದೆ. 1994ರಲ್ಲಿ ದರೋಜಿ, 2013ರಲ್ಲಿ ಗುಡೇಕೋಟೆ ಕರಡಿಧಾಮಗಳಾದುವು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಪಾಳು ಎಂಬ ಒಂದೇ ಮಾತಿನಿಂದ ಈ ಸೀಮೆಯನ್ನು ಮುಗಿಸಲಾಗದು ಎಂಬುದಕ್ಕೆ ಇವು ಸಾಕ್ಷಿ. ಧಾಮದ ಗೆರೆಯಿಂದ ಹೊರಗೆ ಉಳಿದ ಗುಡ್ಡಗಳಿಗೆ ಮಾತ್ರ ಆ ಮಾತೇ ಇನ್ನೂ ಅಂಟಿಕೊಂಡಿದೆ.

ಗರಸು ಹಾದಿಯ ಸವಾರ ಇಂಥ ನೆಲವನ್ನು ತಾಸಿಗೆ ಹತ್ತು ಹನ್ನೆರಡು ಕಿಲೋಮೀಟರಿನ ವೇಗದಲ್ಲಿ ನೋಡುತ್ತಾನೆ. ಕಾಲ್ನಡಿಗೆಯವನಿಗಿಂತ ಹೆಚ್ಚು ದೂರ ಹೋಗಿಯೂ ಗಿಡದ ಹೆಸರು ಕೇಳಲು ನಿಲ್ಲಬಲ್ಲವನು ಅವನೊಬ್ಬನೆ. ಆದರೆ ನಾನು ಓದಿದ ಹಲವು ಸವಾರಿ ಕಥನಗಳು ಈ ಅವಕಾಶವನ್ನು ಕೈಬಿಟ್ಟಿವೆ. ಅವುಗಳಲ್ಲಿ ಎಷ್ಟು ಕಿಲೋಮೀಟರು, ಎಷ್ಟು ಏರು, ಸರಾಸರಿ ವೇಗವೆಷ್ಟು ಎಂಬ ಅಂಕಿಗಳು ತುಂಬಿವೆ. ಎದುರಿಗೆ ಬಂದ ಕುರಿಗಾಹಿ ಚಿತ್ರಕ್ಕೊಂದು ಅಲಂಕಾರ. ಅವನ ಮಾತು ಒಂದೂ ಇಲ್ಲ. ಗಿಡವೆಲ್ಲ ‘ಪೊದೆ’, ಹಕ್ಕಿಯೆಲ್ಲ ‘ಹಕ್ಕಿ’. ಚಕ್ರಕ್ಕೆ ಮುಳ್ಳು ಚುಚ್ಚಿದುದನ್ನು ಅರ್ಧ ಪುಟ ಬರೆದವರೂ ಅದು ಬಳ್ಳಾರಿ ಜಾಲಿಯ ಮುಳ್ಳೆಂದು ಹೇಳುವುದಿಲ್ಲ. ಹೊರದೇಶದಿಂದ ಬಂದು ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತು, ನಾಡ ಗಿಡಗಳನ್ನು ಒತ್ತಿ ಬೆಳೆದ ಈ ಜಾಲಿಯ ಚರಿತ್ರೆ ಆ ಒಂದು ಪಂಕ್ಚರಿನಲ್ಲಿಯೇ ಇತ್ತು!

ಮತ್ತೊಂದು ದೋಷ, ಪಶ್ಚಿಮದಿಂದ ಹಾಗೆಯೇ ಎತ್ತಿಕೊಂಡದ್ದು, ನಿರ್ಜನತೆಯ ಸ್ತುತಿ. ‘ಯಾರೂ ಇಲ್ಲದ ಹಾದಿ, ಸದ್ದಿಲ್ಲದ ಚಕ್ರ’ ಎಂಬ ಭಾವ ಕ್ಯಾನ್ಸಸಿನ ಬಯಲಿಗೆ ಒಪ್ಪೀತು. ನಮ್ಮ ಹಾದಿಗಳಿಗೆ ಯಜಮಾನರಿದ್ದಾರೆ. ಭಾರತ ಹುಣ್ಣಿಮೆಗೆ ಮೈಲಾರದ ಕಾರ್ಣಿಕ ಕೇಳಲು ಬಂಡಿಗಳು ಸಾಲುಗಟ್ಟುತ್ತವೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದಲೂ ನಡೆದು ಬರುವವರಿದ್ದಾರೆ. ಕರಡಿಯ ವಿಷಯದಲ್ಲಂತೂ ನಿಶ್ಶಬ್ದತೆ ಗುಣವೇ ಅಲ್ಲ. ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ಮುಸ್ಸಂಜೆ, ನಸುಕುಗಳಲ್ಲಿ ಅದರ ಓಡಾಟ. ಸದ್ದಿಲ್ಲದೆ ತಿರುವಿನಲ್ಲಿ ಎರಗಿ ಬಂದ ಸೈಕಲ್ಲಿಗೆ ಅದು ಬೆಚ್ಚಿದರೆ ಆಗುವ ಅನಾಹುತ ಇಬ್ಬರಿಗೂ. ಗುಡ್ಡದಲ್ಲಿ ಕೂಗು ಹಾಕುತ್ತ ನಡೆಯುವ ಕುರಿಗಾಹಿಗೆ ಇದು ಗೊತ್ತು. ಧಾಮದೊಳಗೆ ಹೋಗಲು 1972ರ ವನ್ಯಜೀವಿ ಕಾಯಿದೆಯಂತೆ ಅನುಮತಿ ಬೇಕೆಂಬುದನ್ನೂ ಸವಾರಿ ಕಥನಗಳು ಹೇಳಿದ್ದರೆ ಅವುಗಳ ಬೆಲೆ ಹೆಚ್ಚುತ್ತಿತ್ತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಹಳ್ಳಿಯವರು ಡಾಂಬರಿಗಾಗಿ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ, ನೀವು ಗರಸನ್ನು ಹೊಗಳುತ್ತೀರಲ್ಲ?’ ಆಕ್ಷೇಪಣೆ ನ್ಯಾಯವಾದುದು. ಹೆರಿಗೆಯ ನೋವಿನವಳನ್ನು ಕೂಡ್ಲಿಗಿಗೆ ಒಯ್ಯುವ ದಾರಿ ಗರಸಾಗಿರಲಿ ಎಂದು ಯಾವ ವಿಮರ್ಶಕನೂ ಹೇಳಬಾರದು. 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಸರ್ಕಾರದ ಸೈಕಲ್ ಪಡೆದು ಹಟ್ಟಿಯಿಂದ ಪ್ರೌಢಶಾಲೆಗೆ ತುಳಿದ ಹುಡುಗಿಗೆ ಗರಸು ಹಾದಿ ಹವ್ಯಾಸವಾಗಿರಲಿಲ್ಲ. ಆದರೆ ಇಟಲಿಯ ಟಸ್ಕನಿಯಲ್ಲಿ 1997ರಲ್ಲಿ ಕೆಲವರು ಹಳೆಯ ಸೈಕಲ್ಲುಗಳ ಸವಾರಿಯೊಂದನ್ನು ಹೂಡಿದರು. ಅಲ್ಲಿಯ ಬಿಳಿಯ ಗರಸು ರಸ್ತೆಗಳು ಡಾಂಬರಿನಡಿ ಅಳಿಯದಂತೆ ಕಾಯುವುದು ಅದರ ಉದ್ದೇಶಗಳಲ್ಲಿ ಒಂದು. ಊರನ್ನು ಊರಿಗೆ ಕೂಡಿಸುವ ರಸ್ತೆ ಒಂದು ಬಗೆ, ಗುಡ್ಡದೊಳಗೆ ಹೊಕ್ಕು ಬರುವ ಜಾಡು ಮತ್ತೊಂದು ಬಗೆ. ಮೊದಲನೆಯದಕ್ಕೆ ಡಾಂಬರು ಬೇಕು. ಎರಡನೆಯದಕ್ಕೆ ಬೇಕಾದುದು ನೆನಪು.

ನನ್ನ ತರಗತಿಯಲ್ಲಿ ಮನೆಯಿಂದ ಕಾಲೇಜಿನವರೆಗಿನ ದಾರಿಯನ್ನು ಬಣ್ಣಿಸಿರೆಂದು ಹೇಳಿದರೆ ಹೆಚ್ಚಿನವರು ಗುಡಿಯನ್ನೋ ಬಸ್ ನಿಲ್ದಾಣವನ್ನೋ ಬಣ್ಣಿಸುತ್ತಾರೆ. ಒಮ್ಮೆ ಗುಡ್ಡದ ಮಗ್ಗುಲಿನ ಹಟ್ಟಿಯ ಹುಡುಗನೊಬ್ಬ ಮಾತ್ರ, ಸೈಕಲ್ಲಿನಿಂದ ಇಳಿದು ನೂಕಲೇಬೇಕಾದ ಮೂರು ಏರುಗಳನ್ನು ಹೆಸರು ಹಿಡಿದು ಬರೆದಿದ್ದ. ಒಂದು ಏರಿಗೆ ಬಂಡೆಯ ಹೆಸರು, ಒಂದಕ್ಕೆ ಮರದ ಹೆಸರು, ಮತ್ತೊಂದಕ್ಕೆ ಅಲ್ಲಿ ಎತ್ತು ಕಳೆದುಕೊಂಡ ಒಬ್ಬ ಹಿರಿಯನ ಹೆಸರು. ಕಾಗುಣಿತದ ತಪ್ಪುಗಳು ಬಹಳವಿದ್ದುವು. ಆದರೆ ಆ ಬರಹ ಓದಿದವನಿಗೆ ಆ ಗುಡ್ಡ ಪಾಳಾಗಿ ತೋರಲು ಸಾಧ್ಯವಿರಲಿಲ್ಲ.

ಗರಸು ಹಾದಿಯ ಗದ್ಯದಿಂದ ನಾವು ಕೇಳಬೇಕಾದುದು ಇಷ್ಟೆ. ಅದು ಏರಿನ ಮೀಟರುಗಳನ್ನು ಹೇಳಲಿ, ಬೇಡವೆನ್ನುವುದಿಲ್ಲ. ಏರಿನ ಹೆಸರನ್ನೂ ಹೇಳಲಿ. ನೀರು ಕೊಟ್ಟವರ ಮಾತನ್ನು ಅವರ ನುಡಿಯಲ್ಲಿಯೇ ದಾಖಲಿಸಲಿ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಕೆಳಗಿಳಿದು ಕೇಳಲಿ. ಇಳಿಯುವುದಕ್ಕೆ ಸೈಕಲ್ಲಿನಷ್ಟು ಅನುಕೂಲವಾದ ವಾಹನ ಬೇರೆಯಿಲ್ಲ. ಐದು ತಾಲ್ಲೂಕುಗಳ ಗುಡ್ಡಗಳನ್ನು ಹೀಗೆ ಬರೆದ ಒಂದು ಗ್ರಂಥ ಕನ್ನಡದಲ್ಲಿ ಬಂದರೆ, ಮುಂದೆ ಯಾರಾದರೂ ಆ ನೆಲವನ್ನು ‘ಪಾಳು’ ಎಂದು ಬರೆಯುವ ಮೊದಲು ಲೇಖನಿಯನ್ನು ಒಂದು ಕ್ಷಣ ತಡೆದಾರು.