ಒಂದೇ ಮತಪತ್ರದ ಇಬ್ಬರು ಪಕ್ಷಾಂತರಿಗಳು

ಲಾಸ್ ಏಂಜಲಿಸ್ ನಗರದ ಮೇಯರ್ ಚುನಾವಣೆಯಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕ ಪಕ್ಷದ ಹೆಸರು ಇರುವುದಿಲ್ಲ. ಕಾನೂನಿನ ಪ್ರಕಾರ ಅದು ಪಕ್ಷರಹಿತ ಚುನಾವಣೆ. ಹಾಗಿದ್ದರೂ 2022ರ ಜನವರಿಯಲ್ಲಿ, ಕಣಕ್ಕಿಳಿಯಲು ಕೆಲವೇ ವಾರಗಳಿರುವಾಗ, ರಿಕ್ ಕರೂಸೋ ಎಂಬ ಭಾರೀ ಶ್ರೀಮಂತ ಬಿಲ್ಡರ್ ಮತದಾರರ ಪಟ್ಟಿಯಲ್ಲಿ ತಮ್ಮನ್ನು ಡೆಮಾಕ್ರಟಿಕ್ ಪಕ್ಷದವರೆಂದು ಬರೆಸಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಪಟ್ಟಿಗೆ ಹೆಸರು ಸೇರಿಸುವಾಗಲೇ ಮತದಾರ ತನ್ನ ಪಕ್ಷ ಯಾವುದೆಂದು ನಮೂದಿಸಬಹುದು, ಬೇಕೆಂದಾಗ ಬದಲಿಸಬಹುದು. ಕರೂಸೋ ಬಹುಕಾಲ ರಿಪಬ್ಲಿಕನ್ ಆಗಿದ್ದರು. 2011ರಲ್ಲಿ ಅದನ್ನು ಬಿಟ್ಟು ಯಾವ ಪಕ್ಷಕ್ಕೂ ಸೇರದವರಾದರು, 2016ರಲ್ಲಿ ಮತ್ತೆ ರಿಪಬ್ಲಿಕನ್ ಆದರು, 2019ರಲ್ಲಿ ಮತ್ತೆ ಹೊರಬಂದರು. ಈಗ ಡೆಮಾಕ್ರಟ್.

ಕಾರಣ ಊಹಿಸುವುದು ಕಷ್ಟವಲ್ಲ. ಆ ನಗರದ ನೋಂದಾಯಿತ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಡೆಮಾಕ್ರಟರು. 2001ರಲ್ಲಿ ರಿಚರ್ಡ್ ರಿಯೋರ್ಡನ್ ಅಧಿಕಾರ ಬಿಟ್ಟಮೇಲೆ ರಿಪಬ್ಲಿಕನ್ ಮೇಯರ್ ಯಾರೂ ಬಂದಿಲ್ಲ. ಮತಪತ್ರದಲ್ಲಿ ಪಕ್ಷ ಇಲ್ಲದಿದ್ದರೂ ಮತದಾರನ ತಲೆಯಲ್ಲಿ ಅದು ಇದ್ದೇ ಇರುತ್ತದೆ. ಎದುರಿಗೆ ನಿಂತವರು ಕ್ಯಾರೆನ್ ಬ್ಯಾಸ್. 1990ರಲ್ಲಿ ದಕ್ಷಿಣ ಲಾಸ್ ಏಂಜಲಿಸ್‌ನಲ್ಲಿ ಕ್ರ್ಯಾಕ್ ಕೊಕೇನ್ ಹಾವಳಿಯ ವಿರುದ್ಧ ಕಮ್ಯುನಿಟಿ ಕೊಯಲಿಷನ್ ಕಟ್ಟಿದವರು, ರಾಜ್ಯ ವಿಧಾನಸಭೆಯ ಸ್ಪೀಕರ್ ಆಗಿದ್ದವರು, ಆಗ ಸಂಸತ್ ಸದಸ್ಯೆ. ನಗರದ ಪ್ರಗತಿಪರರ ಮುಂದೆ ಒಂದು ಪ್ರಶ್ನೆ ಬಂತು: ಈ ಹೊಸ ಡೆಮಾಕ್ರಟ್‌ನನ್ನು ನಂಬಬಹುದೇ?

ನಂಬಬಾರದೆಂಬ ತೀರ್ಮಾನಕ್ಕೆ ಹೆಚ್ಚಿನವರು ಬಂದರು. ತೀರ್ಮಾನ ಸರಿಯಾಗಿತ್ತು ಎಂದೇ ನಾನೂ ಹೇಳುತ್ತೇನೆ. ಆದರೆ ಪ್ರಚಾರದುದ್ದಕ್ಕೂ ಅದಕ್ಕೆ ಕೊಟ್ಟ ಮುಖ್ಯ ಕಾರಣ, ಅಂದರೆ ‘ಆತ ನಿನ್ನೆಯವರೆಗೂ ರಿಪಬ್ಲಿಕನ್’ ಎಂಬುದು, ದುರ್ಬಲವಾದದ್ದು. ಪಕ್ಷ ಬದಲಿಸಿದ್ದೇ ಅಪರಾಧವೆಂದು ಹಿಡಿದರೆ ಪ್ರಗತಿಪರರು ತಮ್ಮವರನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಕನ್ನಡದ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಪಕ್ಷಾಂತರ ಎಂದ ಕೂಡಲೇ ನಮಗೆ ನೆನಪಾಗುವುದು 2019ರಲ್ಲಿ ಕುಮಾರಸ್ವಾಮಿ ಸರ್ಕಾರವನ್ನು ಉರುಳಿಸಿದ 17 ಶಾಸಕರು, ರೆಸಾರ್ಟು, ಸ್ಪೀಕರ್ ಆದೇಶ. ಅಲ್ಲಿ ಒಂದು ಚಿಹ್ನೆಗೆ ಬಿದ್ದ ಮತವನ್ನು ಇನ್ನೊಂದು ಚಿಹ್ನೆಯ ಮನೆಗೆ ಸಾಗಿಸಲಾಗಿತ್ತು. ಅಮೆರಿಕದಲ್ಲಿ ಅದಕ್ಕೆ ಹತ್ತಿರದ ಉದಾಹರಣೆ ಬೇಕಿದ್ದರೆ ಡಲ್ಲಾಸ್‌ನ ಮೇಯರ್ ಎರಿಕ್ ಜಾನ್ಸನ್. ಡೆಮಾಕ್ರಟಿಕ್ ಶಾಸಕರಾಗಿದ್ದ ಅವರು 2023ರ ಮೇ ತಿಂಗಳಲ್ಲಿ ಎದುರಾಳಿಯೇ ಇಲ್ಲವೆನ್ನುವಂಥ ಚುನಾವಣೆಯಲ್ಲಿ ಮರುಆಯ್ಕೆಯಾದರು. ಸೆಪ್ಟೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಲೇಖನ ಬರೆದು ತಾನಿನ್ನು ರಿಪಬ್ಲಿಕನ್ ಎಂದು ಸಾರಿದರು. ಮತದಾರ ಏನೂ ಮಾಡುವಂತಿರಲಿಲ್ಲ. ಅದು ನಂಬಿಕೆದ್ರೋಹ. ಕರೂಸೋ ಮಾಡಿದ್ದು ಅದಲ್ಲ. ಅವರು ಮತ ಕೇಳುವ ಮುಂಚೆಯೇ, ಎಲ್ಲರಿಗೂ ಕಾಣುವಂತೆ ಬದಲಾದರು. ಅಂಥ ಬದಲಾವಣೆಯನ್ನು ಪರೀಕ್ಷಿಸುವುದಕ್ಕೆ ಮತದಾರನಿಗೆ ಸಮಯವೂ ಇತ್ತು, ಹಕ್ಕೂ ಇತ್ತು.

ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ನ್ಯೂಯಾರ್ಕ್‌ನ ಇಬ್ಬರು ಮೇಯರ್‌ಗಳು ನೆರವಾಗುತ್ತಾರೆ. 1965ರಲ್ಲಿ ರಿಪಬ್ಲಿಕನ್ ಆಗಿ ಗೆದ್ದ ಜಾನ್ ಲಿಂಡ್ಸೇ ಅದಕ್ಕೂ ಮೊದಲೇ ಸಂಸತ್ತಿನಲ್ಲಿ ನಾಗರಿಕ ಹಕ್ಕುಗಳ ಪರ ನಿಂತಿದ್ದರು, 1964ರಲ್ಲಿ ತಮ್ಮದೇ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಗೋಲ್ಡ್‌ವಾಟರ್‌ಗೆ ಬೆಂಬಲ ಕೊಡಲು ಒಪ್ಪಿರಲಿಲ್ಲ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ರಾತ್ರಿ ಹಾರ್ಲೆಮ್‌ನ ಬೀದಿಗಿಳಿದು ಜನರ ನಡುವೆ ನಡೆದರು. ಮರುವರ್ಷ ಅವರ ಪಕ್ಷವೇ ಅಭ್ಯರ್ಥಿ ಆಯ್ಕೆಯ ಪ್ರೈಮರಿಯಲ್ಲಿ ಅವರನ್ನು ಸೋಲಿಸಿತು. ಲಿಬರಲ್ ಪಕ್ಷದ ಹೆಸರಿನಲ್ಲಿ ನಿಂತು ಗೆದ್ದರು. ಡೆಮಾಕ್ರಟ್ ಆದದ್ದು 1971ರಲ್ಲಿ. ಆಗಲೂ ಅಧ್ಯಕ್ಷ ಪದವಿಯ ಆಸೆ ಅವರಿಗಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ನಡೆ ಮೊದಲು ಬದಲಾಗಿತ್ತು, ಅದಕ್ಕೆ ಬೆಲೆಯನ್ನೂ ತೆತ್ತಿದ್ದರು, ಪಕ್ಷದ ಹೆಸರು ಕೊನೆಗೆ ಬಂತು.

ಮೈಕೆಲ್ ಬ್ಲೂಮ್‌ಬರ್ಗ್ ಕಥೆ ಬೇರೆ. ಜೀವನವಿಡೀ ಡೆಮಾಕ್ರಟ್ ಆಗಿದ್ದವರು 2001ರಲ್ಲಿ ಮೇಯರ್ ಆಗಲು ರಿಪಬ್ಲಿಕನ್ ಆದರು. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನೂಕುನುಗ್ಗಲಿತ್ತು, ಈ ಕಡೆ ಬಾಗಿಲು ತೆರೆದಿತ್ತು. 2007ರಲ್ಲಿ ಪಕ್ಷೇತರ, 2018ರಲ್ಲಿ ಮತ್ತೆ ಡೆಮಾಕ್ರಟ್. ಈ ಚೀಟಿಗಳಲ್ಲಿ ಯಾವುದನ್ನು ನೋಡಿದ್ದರೂ ಅವರ ಆಡಳಿತ ಅರ್ಥವಾಗುತ್ತಿರಲಿಲ್ಲ. ರಿಪಬ್ಲಿಕನ್ ಚೀಟಿ ಹಿಡಿದೇ ಬಾರು, ಹೋಟೆಲುಗಳಲ್ಲಿ ಧೂಮಪಾನ ನಿಲ್ಲಿಸಿದರು, ಅಕ್ರಮ ಬಂದೂಕುಗಳ ವಿರುದ್ಧ ಮೇಯರ್‌ಗಳ ಒಕ್ಕೂಟ ಕಟ್ಟಿದರು. ಅವರ ಆಡಳಿತದಲ್ಲೇ ಪೊಲೀಸರು ಕಪ್ಪು ಮತ್ತು ಲ್ಯಾಟಿನೋ ಹುಡುಗರನ್ನು ಬೀದಿಯಲ್ಲಿ ನಿಲ್ಲಿಸಿ ಮೈ ತಡಕಿದರು: 2011ರೊಂದರಲ್ಲೇ ಜನರನ್ನು ತಡೆದು ನಿಲ್ಲಿಸಿದ ಪ್ರಕರಣಗಳು ಒಟ್ಟು ಸುಮಾರು 6 ಲಕ್ಷ 85 ಸಾವಿರ. 2013ರಲ್ಲಿ ಫೆಡರಲ್ ನ್ಯಾಯಾಲಯ ಅದು ನಡೆಯುತ್ತಿದ್ದ ರೀತಿ ಸಂವಿಧಾನಬಾಹಿರ ಎಂದಿತು. ಬ್ಲೂಮ್‌ಬರ್ಗ್ ಅದಕ್ಕೆ ಕ್ಷಮೆ ಕೇಳಿದ್ದು 2019ರ ನವೆಂಬರ್‌ನಲ್ಲಿ, ಡೆಮಾಕ್ರಟಿಕ್ ಅಧ್ಯಕ್ಷೀಯ ಸ್ಪರ್ಧೆಗೆ ಇಳಿಯುವ ಹೊತ್ತಿಗೆ. ಪಕ್ಷ ಮೂರು ಸಲ ಬದಲಾಗಬಹುದು. ಪೊಲೀಸ್ ಮತ್ತು ಭೂಮಿಯ ವಿಷಯದಲ್ಲಿ ಒಬ್ಬ ವ್ಯಕ್ತಿಯ ಒಲವು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಹಾಗಾಗಿ ನೋಡಬೇಕಾದ್ದು ಅದನ್ನೇ.

ಕರೂಸೋ ವಿಷಯದಲ್ಲಿ ಅದನ್ನು ನೋಡುವುದಕ್ಕೆ ದೊಡ್ಡ ತನಿಖೆಯೇನೂ ಬೇಕಿರಲಿಲ್ಲ. ಫೇರ್‌ಫ್ಯಾಕ್ಸ್ ಪ್ರದೇಶದ ಹಳೆಯ ಫಾರ್ಮರ್ಸ್ ಮಾರ್ಕೆಟ್ ಪಕ್ಕದಲ್ಲಿ 2002ರಲ್ಲಿ ಅವರು ತೆರೆದ ‘ದ ಗ್ರೋವ್’ ಎಂಬ ಮಾಲ್ ಸಾಕು. ಅದಕ್ಕೆ ಚಾವಣಿ ಇಲ್ಲ. ಒಂದು ಬೀದಿ, ಎರಡೂ ಬದಿಗೆ ಅಂಗಡಿಗಳು, ನಡುವೆ ಹಳಿ ಹಾಕಿ ಓಡಾಡಿಸುವ ಟ್ರಾಲಿ, ಸಂಗೀತಕ್ಕೆ ಕುಣಿಯುವ ಕಾರಂಜಿ, ಕ್ರಿಸ್‌ಮಸ್ ದಿನಗಳಲ್ಲಿ ಸಂಜೆ ಹೊತ್ತು ಉದುರುವ ಕೃತಕ ಹಿಮ. ಹಿಮವೇ ಬೀಳದ ಊರಿನಲ್ಲಿ ಮಕ್ಕಳು ಅದಕ್ಕೆ ಕೈಯೊಡ್ಡಿ ನಿಲ್ಲುತ್ತಾರೆ, ಆ ಸಂತೋಷ ನಿಜವಾದದ್ದೇ. ಊರಿನ ಮುಖ್ಯ ಬೀದಿ ಹೇಗಿರಬೇಕೆಂಬ ಬಯಕೆ ಜನರಲ್ಲಿದೆ ಎಂಬುದನ್ನು ಆ ಬಿಲ್ಡರ್ ಇತರರಿಗಿಂತ ಚೆನ್ನಾಗಿ ಗ್ರಹಿಸಿದ್ದಾರೆ. ಆದರೆ ಅದು ಬೀದಿಯಲ್ಲ, ಖಾಸಗಿ ಜಾಗ. ಯಾರು ಅಲ್ಲಿ ಎಷ್ಟು ಹೊತ್ತು ಕೂರಬಹುದು, ಯಾರನ್ನು ಎಬ್ಬಿಸಿ ಕಳಿಸಬೇಕು ಎಂಬುದನ್ನು ತೀರ್ಮಾನಿಸುವುದು ಒಡೆಯನ ಕಾವಲುಗಾರರು. ಗ್ರೋವ್‌ನ ಬೆಂಚಿನ ಮೇಲೆ ಯಾರೂ ರಾತ್ರಿ ಮಲಗುವುದಿಲ್ಲ. ಅಲ್ಲಿಂದ ಎಬ್ಬಿಸಲ್ಪಟ್ಟವನು ನಗರದ ಫುಟ್‌ಪಾತಿಗೆ ಬರುತ್ತಾನೆ. ನಗರದ ಫುಟ್‌ಪಾತಿನಿಂದ ಎಬ್ಬಿಸಿದರೆ ಅವನು ಎಲ್ಲಿಗೆ ಹೋಗಬೇಕು? ಮೇಯರ್ ಆಗುವವನು ಉತ್ತರಿಸಬೇಕಾದ ಪ್ರಶ್ನೆ ಇದೊಂದೇ ಆಗಿತ್ತು ಎಂದರೂ ತಪ್ಪಲ್ಲ. 2022ರ ಗಣತಿಯಲ್ಲಿ ನಗರದೊಳಗೇ ಸುಮಾರು 42 ಸಾವಿರ ಜನ ಮನೆಯಿಲ್ಲದವರಿದ್ದರು.

ಕರೂಸೋ ಕೊಟ್ಟ ಉತ್ತರ: 300 ದಿನಗಳಲ್ಲಿ 30 ಸಾವಿರ ಆಶ್ರಯ ಹಾಸಿಗೆಗಳು, ಮತ್ತು 1,500 ಹೆಚ್ಚುವರಿ ಪೊಲೀಸರು. ಹಾಸಿಗೆಯ ಲೆಕ್ಕ ಹುರುಪಿನದು. ಆದರೆ ಹಾಸಿಗೆ ಎಂದರೆ ಮನೆಯಲ್ಲ, ಮತ್ತು ಅಷ್ಟು ವೇಗದಲ್ಲಿ ಅಷ್ಟು ಹಾಸಿಗೆಗಳಿಗೆ ಜಾಗ, ಸಿಬ್ಬಂದಿ, ವರ್ಷವರ್ಷದ ಖರ್ಚು ಎಲ್ಲಿಂದ ಬರುತ್ತದೆಂಬುದು ಕೊನೆಯವರೆಗೂ ನನಗೆ ಮನವರಿಕೆಯಾಗಲಿಲ್ಲ. ಪೊಲೀಸರ ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು. ಪೊಲೀಸ್ ಒಕ್ಕೂಟ ಅವರ ಬೆನ್ನಿಗೆ ನಿಂತು ಲಕ್ಷಗಟ್ಟಲೆ ಡಾಲರ್ ಸುರಿಯಿತು. ಎರಡು ದಶಕದ ಹಿಂದೆ ಪೊಲೀಸ್ ಆಯೋಗದ ಅಧ್ಯಕ್ಷರಾಗಿದ್ದಾಗ ನಗರದ ಕಪ್ಪು ಸಮುದಾಯದ ವಿರೋಧದ ನಡುವೆಯೇ ಪೊಲೀಸ್ ಮುಖ್ಯಸ್ಥ ಬರ್ನಾರ್ಡ್ ಪಾರ್ಕ್ಸ್‌ಗೆ ಎರಡನೇ ಅವಧಿ ನಿರಾಕರಿಸಿ, ನ್ಯೂಯಾರ್ಕ್‌ನಿಂದ ವಿಲಿಯಂ ಬ್ರ್ಯಾಟನ್ ಅವರನ್ನು ತರುವುದರಲ್ಲಿ ಕರೂಸೋ ಪಾತ್ರ ದೊಡ್ಡದು. ಆಗ ಅವರು ರಿಪಬ್ಲಿಕನ್. ಈಗ ಡೆಮಾಕ್ರಟ್ ಆಗಿ ಬ್ರ್ಯಾಟನ್ ಬೆಂಬಲವನ್ನೇ ಮುಂದಿಟ್ಟು, ಅದೇ ಬಗೆಯ ಪೊಲೀಸ್ ವ್ಯವಸ್ಥೆಯನ್ನು ಪ್ರಸ್ತಾಪಿಸುತ್ತಿದ್ದರು. ತಾನು ಸಾಮಾನ್ಯ ಬಗೆಯ ಡೆಮಾಕ್ರಟ್ ಆಗುವುದಿಲ್ಲವೆಂದು ಅವರೇ ಹೇಳಿದ್ದರು, ಆ ಪ್ರಾಮಾಣಿಕತೆಗೆ ಅಂಕ ಕೊಡಬೇಕು. ನೋಂದಣಿ ಬದಲಾಗಿತ್ತು, ಮನುಷ್ಯ ಸ್ಥಿರವಾಗಿದ್ದರು. ಗರ್ಭಪಾತದ ವಿರುದ್ಧ ನಿಂತ ರಾಜಕಾರಣಿಗಳಿಗೆ ಹಿಂದೆ ಕೊಟ್ಟ ದೇಣಿಗೆಗಳು ಹೊರಬಂದಾಗ, ತಾನು ಯಾವತ್ತೂ ಮಹಿಳೆಯ ಆಯ್ಕೆಯ ಪರ ಎಂದರು. ಮನಸ್ಸಿನಲ್ಲಿ ಇದ್ದಿರಬಹುದು. ಹಣ ಬೇರೆ ಕಡೆ ಹೋಗಿತ್ತು.

ಇನ್ನು 2022ರ ನವೆಂಬರ್ 8ರ ಅದೇ ಮತಪತ್ರದಲ್ಲಿದ್ದ ಇನ್ನೊಂದು ಹೆಸರಿಗೆ ಬರುತ್ತೇನೆ. ಈ ಚರ್ಚೆಯಲ್ಲಿ ಅದನ್ನು ಯಾರೂ ಪಕ್ಕದಲ್ಲಿಟ್ಟು ನೋಡದಿರುವುದು ನನಗೆ ದೊಡ್ಡ ಲೋಪವೆನಿಸುತ್ತದೆ. ನಗರದ ಲೆಕ್ಕಪರಿಶೋಧಕ ಹುದ್ದೆಗೆ, ಅಂದರೆ ಕಂಟ್ರೋಲರ್ ಸ್ಥಾನಕ್ಕೆ ನಿಂತಿದ್ದ ಕೆನೆತ್ ಮೆಹಿಯಾ ಕೂಡ ಪಕ್ಷ ಬದಲಿಸಿದವರೇ. 2018ರಲ್ಲಿ ಅವರು ಗ್ರೀನ್ ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಿ ಸೋತಿದ್ದರು. 2022ರಲ್ಲಿ ಡೆಮಾಕ್ರಟ್. ಎದುರಾಳಿ ಪಾಲ್ ಕೊರೆಟ್ಜ್ ದೀರ್ಘಕಾಲದ ಡೆಮಾಕ್ರಟಿಕ್ ಕೌನ್ಸಿಲರ್, ಪಕ್ಷದ ಹಿರಿಯರ ಬೆಂಬಲವಿದ್ದವರು. ಮೆಹಿಯಾ ಹಿಂದೆ ಡೆಮಾಕ್ರಟಿಕ್ ನಾಯಕರನ್ನೇ ಬಯ್ದು ಹಾಕಿದ್ದ ಟ್ವೀಟುಗಳನ್ನು ಹೊರತೆಗೆದು ತೋರಿಸಲಾಯಿತು. ಮೆಹಿಯಾ ಮಾಡಿದ್ದೇನು? ನಗರದ ಬಜೆಟ್ಟನ್ನು ರಸ್ತೆಬದಿಯ ಬಿಲ್‌ಬೋರ್ಡುಗಳ ಮೇಲೆ ಬಣ್ಣದ ಪಟ್ಟಿಗಳಾಗಿ ಬರೆಸಿದರು. ಪೊಲೀಸರಿಗೆ ಹೋಗುವ ಹಣದ ಪಟ್ಟಿ ಉದ್ದಕ್ಕೆ ಚಾಚಿಕೊಂಡಿತ್ತು, ಮನೆ, ಯುವಜನರಂಥ ಬಾಬತ್ತುಗಳದು ಅದರ ಕೆಳಗೆ ಚೂರುಚೂರು. ಲೆಕ್ಕ ಕಲಿತ ಹುಡುಗ ಲೆಕ್ಕವನ್ನೇ ಜನರ ಮುಂದಿಟ್ಟ. ಶೇಕಡಾ 60ಕ್ಕೂ ಹೆಚ್ಚು ಮತ ಅವರಿಗೆ ಬಂತು.

ಅದೇ ಊರು, ಅದೇ ದಿನ, ಅದೇ ಮತದಾರರು. ಅವರು ಒಬ್ಬ ಪಕ್ಷಾಂತರಿಯನ್ನು ಎರಡು ಕೈಯಿಂದ ಬರಮಾಡಿಕೊಂಡರು, ಇನ್ನೊಬ್ಬನನ್ನು ಬಾಗಿಲಲ್ಲೇ ನಿಲ್ಲಿಸಿದರು. ಬ್ಯಾಸ್‌ಗೆ ಶೇಕಡಾ 54.8, ಕರೂಸೋಗೆ 45.2. ಮೆಹಿಯಾ ಗ್ರೀನ್ ಆಗಿದ್ದಾಗಲೂ ಡೆಮಾಕ್ರಟ್ ಆದಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು, ಜನರ ಹಣ ಎಲ್ಲಿಗೆ ಹೋಗುತ್ತಿದೆ ಎಂದು. ಕರೂಸೋ ಕೂಡ ಎರಡೂ ಪಕ್ಷಗಳಲ್ಲಿ ಒಂದೇ ಮಾತು ಆಡಿದವರು. ಇಬ್ಬರೂ ಸ್ಥಿರ. ಹಾಗಾಗಿ ಮತದಾರ ಅಳೆದದ್ದು ನಿಷ್ಠೆಯನ್ನಲ್ಲ, ಆ ಸ್ಥಿರತೆ ಯಾರ ಪರವಾಗಿದೆ ಎಂಬುದನ್ನು.

ಕರೂಸೋಗೆ ಬಿದ್ದ ಶೇಕಡಾ 45ನ್ನು ಹಣದ ಮಹಿಮೆ ಎಂದು ತಳ್ಳಿಹಾಕುವವರ ಜತೆ ನಾನಿಲ್ಲ. 10 ಕೋಟಿ ಡಾಲರ್‌ಗೂ ಹೆಚ್ಚು ಸ್ವಂತ ಹಣ ಸುರಿದದ್ದು ಹೌದು, ಟಿವಿ ಹಚ್ಚಿದರೆ ಅವರೇ ಕಾಣುತ್ತಿದ್ದರು. ಆದರೆ ಜನರ ಸಿಟ್ಟು ಹಣದಿಂದ ಹುಟ್ಟಿದ್ದಲ್ಲ. 2016ರಲ್ಲಿ ಮನೆಯಿಲ್ಲದವರಿಗೆ ಮನೆ ಕಟ್ಟಲು 120 ಕೋಟಿ ಡಾಲರ್ ಬಾಂಡಿಗೆ ಇದೇ ಮತದಾರರು ಒಪ್ಪಿಗೆ ಕೊಟ್ಟಿದ್ದರು. ಆರು ವರ್ಷದ ನಂತರ ನಗರದ ಲೆಕ್ಕಪರಿಶೋಧನೆ ಹೇಳಿತು: ಒಂದು ಯೋಜನೆಯಲ್ಲಿ ತಲಾ ಮನೆಯ ಖರ್ಚು 8 ಲಕ್ಷ 37 ಸಾವಿರ ಡಾಲರ್ ಮುಟ್ಟಿದೆ. ಆ ಸಾಧನೆ ಯಾವ ರಿಪಬ್ಲಿಕನ್ನನದೂ ಅಲ್ಲ. ಚುನಾವಣೆಗೆ ಮುಂಚಿನ ಅಕ್ಟೋಬರ್‌ನಲ್ಲಿ ಕೌನ್ಸಿಲ್ ಅಧ್ಯಕ್ಷೆ ನ್ಯೂರಿ ಮಾರ್ಟಿನೆಜ್ ಮತ್ತು ಇಬ್ಬರು ಸದಸ್ಯರು ಮುಚ್ಚಿದ ಬಾಗಿಲ ಹಿಂದೆ ಆಡಿದ ಜನಾಂಗೀಯ ಮಾತುಗಳ ಧ್ವನಿಮುದ್ರಿಕೆ ಹೊರಬಿತ್ತು, ಮೂವರೂ ಡೆಮಾಕ್ರಟರು. ಆ ವಾರದ ನಂತರವೂ ‘ನಮ್ಮವರು ಹುಟ್ಟಾ ಡೆಮಾಕ್ರಟರು’ ಎಂದು ಪ್ರಚಾರ ಮಾಡಿದವರು ಪ್ರಗತಿಪರ ಮತದಾರನ ಬುದ್ಧಿಯನ್ನು ಕಡೆಗಣಿಸಿದರು. ಬ್ಯಾಸ್ ಕೂಡ ಪೊಲೀಸ್ ಬಲವನ್ನು 9,700ಕ್ಕೆ ಏರಿಸುತ್ತೇನೆ ಎಂದವರೇ. ಅವರಿಗೆ ಮತ ಹಾಕಲು ಒಳ್ಳೆಯ ಕಾರಣವಿತ್ತು, ಅದು ದಕ್ಷಿಣ ಲಾಸ್ ಏಂಜಲಿಸ್‌ನಲ್ಲಿ ಮೂವತ್ತು ವರ್ಷ ಮಾಡಿದ ಕೆಲಸ. ಅದನ್ನು ಬಿಟ್ಟು ಪಕ್ಷದ ಚೀಟಿಯನ್ನು ಬೀಸಿದ್ದು ಅವರ ಪ್ರಚಾರದ ದೌರ್ಬಲ್ಯ.

2025ರ ಜನವರಿ 7ರಂದು ನಗರದ ಪೆಸಿಫಿಕ್ ಪ್ಯಾಲಿಸೇಡ್ಸ್ ಪ್ರದೇಶ ಹೊತ್ತಿ ಉರಿದಾಗ ಮೇಯರ್ ಬ್ಯಾಸ್ ಘಾನಾದಲ್ಲಿದ್ದರು. ಆ ಸಿಟ್ಟಿನಲ್ಲಿ, ಅಂದು ಕರೂಸೋ ಅವರನ್ನು ನಂಬಬೇಕಿತ್ತು ಎಂಬ ಮಾತು ಮತ್ತೆ ಎದ್ದಿತು, ಅವರಿಗೆ ಮತ ಹಾಕದವರ ಬಾಯಲ್ಲೂ. ಬ್ಯಾಸ್ ಗೈರುಹಾಜರಿಗೆ ಉತ್ತರ ಕೊಡಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅದೇ ಬೆಂಕಿಯಲ್ಲಿ ಕರೂಸೋ ಅವರ ಪ್ಯಾಲಿಸೇಡ್ಸ್ ವಿಲೇಜ್ ಮಾಲ್ ಉಳಿಯಿತು, ಬಾಡಿಗೆಗೆ ತಂದ ಖಾಸಗಿ ಅಗ್ನಿಶಾಮಕರು ಅದನ್ನು ಕಾದರು, ಸುತ್ತಲಿನ ಬೀದಿಗಳು ಬೂದಿಯಾದವು. ತನ್ನ ಆಸ್ತಿಯನ್ನು ಉಳಿಸಿಕೊಂಡದ್ದು ತಪ್ಪಲ್ಲ. ಒಬ್ಬ ಒಡೆಯ ತನ್ನ ಗಡಿಯೊಳಗೆ ಎಷ್ಟು ಸಮರ್ಥ ಎಂಬುದು ಅಲ್ಲಿ ಕಂಡಿತು. ಆ ಗಡಿಯ ಹೊರಗಿನ ಮನೆಗಳಿಗೆ ಅವನು ಏನಾಗುತ್ತಾನೆ ಎಂಬುದು ಕಾಣಲಿಲ್ಲ. ಬೆಂಕಿಯ ನಂತರ ಪುನರ್ನಿರ್ಮಾಣಕ್ಕೆಂದು ಅವರು ಸ್ಟೆಡ್‌ಫಾಸ್ಟ್ ಎಲ್ಎ ಎಂಬ ಸಂಸ್ಥೆ ಕಟ್ಟಿದ್ದಾರೆ. ಪ್ರಗತಿಪರರು ಗಮನವಿಟ್ಟು ನೋಡಬೇಕಾದ್ದು ಅದರ ಕೆಲಸವನ್ನು. ಅದರಿಂದ ಬಾಡಿಗೆದಾರನಿಗೂ, ವಿಮೆಯಿಲ್ಲದ ಮುದುಕಿಗೂ, ಅದೇ ದಿನಗಳಲ್ಲಿ ಉರಿದ, ಪ್ಯಾಲಿಸೇಡ್ಸ್‌ಗಿಂತ ಬಡವಾದ ಆಲ್ಟಡೀನಾದ ಕುಟುಂಬಕ್ಕೂ ಮನೆ ಸಿಗುವುದಾದರೆ, ಮುಂದೊಂದು ದಿನ ಕರೂಸೋ ಮತ ಕೇಳಲು ಬಂದಾಗ ನೋಂದಣಿಯ ಹಳೆಯ ಕಾಗದಗಳನ್ನು ನಾನು ಮುಂದೆ ಹಿಡಿಯುವುದಿಲ್ಲ.