ಫಾಲ್ಗುಣದ ಅಬ್ಬಿಗಳು

ಉಡುಪಿ ಸೀಮೆಯ ಜಲಪಾತಗಳಿಗೆ ಜನ ಮುಗಿಬೀಳುವುದು ಅಕ್ಟೋಬರಿನಿಂದ ಡಿಸೆಂಬರ್ ತನಕ. ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗಿನ ದಿನಗಳು, ಅಂದರೆ ತುಳುವರ ಮಾಯಿ ತಿಂಗಳು, ಹೆಚ್ಚಿನವರ ಲೆಕ್ಕದಲ್ಲಿ ನೀರಿಲ್ಲದ ಕಾಲ. ನೀರು ಇಳಿಯುವುದು ನಿಜ. ಆದರೆ ಜಲಪಾತದ ಗುಣ ಗೊತ್ತಾಗುವುದು ಈ ಹೊತ್ತಿನಲ್ಲೇ. ಜುಲೈಯಲ್ಲಿ ಬೋಳುಗುಡ್ಡವೂ ಅಬ್ಬಿಯಾಗುತ್ತದೆ. ಕಡೆಯ ಮಳೆ ಹೋಗಿ ಮೂರ್ನಾಲ್ಕು ತಿಂಗಳಾದ ಮೇಲೂ ಧುಮುಕುವುದು ಬೆನ್ನಿಗೆ ಕಾಡಿರುವ ಹೊಳೆ ಮಾತ್ರ.

ಕಾಪುವಿನ ದೀಪಸ್ತಂಭದಿಂದ ಆಗುಂಬೆಗೆ ನೇರ ಗೆರೆ ಎಳೆದರೆ ಸುಮಾರು 50 ಕಿ.ಮೀ. ಕಡಲಂಚಿನಿಂದ ಘಾಟಿಯ ಬುಡದ ಸೋಮೇಶ್ವರದವರೆಗೆ ನೆಲ ಏರುವುದು ಅಷ್ಟಕ್ಕಷ್ಟೆ. ಅಲ್ಲಿಂದ ಮುಂದೆ ಹದಿನಾಲ್ಕು ತಿರುವುಗಳ ಘಾಟಿ ಒಮ್ಮೆಲೇ ಮೇಲೇರಿ, ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆ ಮುಟ್ಟುತ್ತದೆ. ಕಡಲಿನಿಂದ ಬಂದ ಮೋಡ ಈ ಗೋಡೆಗೆ ತಾಗಿ ಇಲ್ಲೇ ಸುರಿದುಬಿಡುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುವಂಥದು. ಒಂದಷ್ಟು ನೀರು ಮೇಲಿಂದ ಮೇಲೆ ಹರಿದು ಹೊಳೆ ಸೇರುತ್ತದೆ. ಉಳಿದದ್ದು ತರಗೆಲೆ, ಬೇರು, ಸಡಿಲ ಮಣ್ಣಿನ ನಡುವೆ ಇಂಗಿ, ಬಂಡೆಯ ಬಿರುಕುಗಳಲ್ಲಿ ಇಳಿದು, ತಿಂಗಳುಗಟ್ಟಲೆ ಕಳೆದು ಒರತೆಯಾಗಿ ಹೊರಗೆ ಬರುತ್ತದೆ. ಫಾಲ್ಗುಣದ ಅಬ್ಬಿಯಲ್ಲಿ ಬೀಳುವುದು ಈ ಎರಡನೆಯ ನೀರು.

ವ್ಯತ್ಯಾಸ ತಿಳಿಯಲು ಮಣಿಪಾಲದ ಅರ್ಬಿ ಜಲಪಾತವನ್ನು ನೋಡಬಹುದು. ಮಣಿಪಾಲದ ದಿಬ್ಬ ಮುರಕಲ್ಲಿನದು. ಮಳೆಗಾಲದಲ್ಲಿ ದಿಬ್ಬದ ನೀರೆಲ್ಲ ಕೂಡಿ ಅರ್ಬಿಯಲ್ಲಿ ಜೋರಾಗಿ ಧುಮುಕುತ್ತದೆ, ವಿದ್ಯಾರ್ಥಿಗಳ ಗುಂಪು ನೆರೆಯುತ್ತದೆ. ಮಳೆ ನಿಂತ ಮೇಲೆ ಅದು ಬೇಗನೆ ಸೊರಗುತ್ತದೆ. ಫೆಬ್ರವರಿಯಲ್ಲಿ ಹೋದವರಿಗೆ ಸಿಗುವುದು ಒಣಬಂಡೆ. ಅದರ ಹಿಂದೆ ನೀರು ಹಿಡಿದಿಡುವ ಘಟ್ಟವೂ ಇಲ್ಲ, ದಟ್ಟ ಕಾಡೂ ಇಲ್ಲ.

ಇದಕ್ಕೆ ಎದುರಾದ ನಿದರ್ಶನ ಹೆಬ್ರಿ ಕಡೆಯ ಕೂಡ್ಲು ತೀರ್ಥ. ಉಡುಪಿಯಿಂದ ಸುಮಾರು 50 ಕಿ.ಮೀ. ದೂರದಲ್ಲಿ, ನಾಡ್ಪಾಲು ಗ್ರಾಮದ ಆಚೆ, 1974ರಲ್ಲಿ ಘೋಷಣೆಯಾದ ಸೋಮೇಶ್ವರ ವನ್ಯಜೀವಿ ಧಾಮದೊಳಗೆ ಇದೆ. ಸೀತಾನದಿಯ ನೀರು ನೂರು ಅಡಿಗೂ ಮಿಕ್ಕ ಎತ್ತರದಿಂದ ಗುಂಡಿಗೆ ಬೀಳುತ್ತದೆ. ಗೇಟಿನಲ್ಲಿ ಅರಣ್ಯ ಇಲಾಖೆಗೆ ಶುಲ್ಕ ಕೊಟ್ಟು ಕಾಡಿನ ದಾರಿ ಹಿಡಿಯಬೇಕು. ಮಳೆಗಾಲದಲ್ಲಿ ಪ್ರವೇಶವಿಲ್ಲ. ನವೆಂಬರಿನಲ್ಲೂ ಕಾಲಿಗೆ ಹತ್ತುತ್ತಿದ್ದ ಇಂಬಳಗಳ ಕಾಟ ಮಾಯಿಯ ಹೊತ್ತಿಗೆ ಬಹಳ ಮಟ್ಟಿಗೆ ಕಡಿಮೆಯಾಗಿರುತ್ತದೆ.

ನೀರು ಇಳಿದಾಗ ಬಂಡೆಯನ್ನು ಓದಬಹುದು. ಗೋಡೆಯ ಮೇಲಿನ ಅಗಲವಾದ ಕಪ್ಪು ಪಟ್ಟಿ ಮಳೆಗಾಲದ ಹೊಳೆಯ ಪಾತ್ರ. ಈಗಿನ ಧಾರೆ ಅದರ ಒಂದು ಮಗ್ಗುಲಿಗೆ ಸರಿದಿರುತ್ತದೆ. ಪಟ್ಟಿಯ ಒಳಗೆ ಒಣಗಿ ಸಿಪ್ಪೆ ಏಳುವ ಪಾಚಿ, ಹೊರಗೆ ಬೂದುಬಣ್ಣದ ಕಲ್ಲುಹೂವು. ಕಲ್ಲುಹೂವು ಎಲ್ಲಿಂದ ಶುರುವಾಗುತ್ತದೋ ಅಲ್ಲಿಗೆ ನೆರೆ ನೀರು ನಿತ್ಯ ತಲುಪುವುದಿಲ್ಲವೆಂದು ತಿಳಿಯಬೇಕು. ಹೊಳೆಯ ಪಾತ್ರದ ಹಾಸುಬಂಡೆಗಳಲ್ಲಿ ಒರಳಿನಂಥ ದುಂಡನೆಯ ಕುಳಿಗಳಿರುತ್ತವೆ. ಸುಳಿಗೆ ಸಿಕ್ಕ ಕಲ್ಲುಗಳು ಒಂದೇ ಕಡೆ ತಿರುಗಿ ತಿರುಗಿ ಕೊರೆದ ಕುಳಿಗಳಿವು. ತಳಕ್ಕೆ ಕೈ ಹಾಕಿದರೆ, ಕೊರೆದು ಕೊರೆದು ತಾವೂ ನುಣುಪಾದ ಗುಂಡುಕಲ್ಲುಗಳು ಸಿಗುವುದುಂಟು. ಗುಂಡಿಯಂಚಿನ ಒದ್ದೆ ಮರಳಿನಲ್ಲಿ ಲವಣ ಹೀರಲು ಚಿಟ್ಟೆಗಳು ಗುಂಪಾಗಿ ಕೂರುವುದೂ ಈ ದಿನಗಳಲ್ಲೇ. ಕಾಡಿನಲ್ಲಿ ಸುರಗಿ ಹೂ ಬಿಡುತ್ತದೆ, ನಾಗಸಂಪಿಗೆಗೆ ಕೆಂಪು ಚಿಗುರು ಬರುತ್ತದೆ.

ಕೆಳಗೆ ಇದೇ ಸೀತಾನದಿಯ ಮೇಲಿರುವ ಜೋಮ್ಲು ತೀರ್ಥ ಸುಮಾರು ಇಪ್ಪತ್ತು ಅಡಿಯ ಅಬ್ಬಿ. ಎತ್ತರ ನೋಡಲು ಬಂದವರಿಗೆ ನಿರಾಸೆಯಾದೀತು. ಬಂಡೆಗಳ ನಡುವೆ ಹೊಳೆ ಸೀಳಿ ಕೂಡುವ ಬಗೆ ನೋಡಲು ಇದೇ ಒಳ್ಳೆಯ ಜಾಗ. ಘಾಟಿಯ ಮೇಲಿನ ಬರ್ಕಣದ ಕತೆ ಬೇರೆ. ಅದರ ಎತ್ತರ ಸುಮಾರು 850 ಅಡಿ. ಕಣಿವೆಯ ಆಚೆಯಿಂದಷ್ಟೇ ನೋಡಲು ಸಾಧ್ಯವಾದ್ದರಿಂದ ಮಾರ್ಚಿನ ತೆಳು ಧಾರೆ ಕಣ್ಣಿಗೆ ಸಿಗುವುದು ಕಷ್ಟ. ಅದನ್ನು ಮಳೆ ಬಿಟ್ಟ ಹೊಸದರಲ್ಲೇ ನೋಡುವುದು ಲೇಸು.

ಕಾರ್ಕಳದ ಕಡೆಯ ನೀರು ಸ್ವರ್ಣಾ ನದಿಯದು. ಅದರ ಮೇಲಿನ ದುರ್ಗ ಜಲಪಾತ ತಗ್ಗಿನದು, ಬಂಡೆಯಿಂದ ಬಂಡೆಗೆ ಇಳಿಯುವಂಥದು. ಮುಂದೆ ಇದೇ ಹೊಳೆಗೆ ಬಜೆಯಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಉಡುಪಿ, ಮಣಿಪಾಲದ ನಲ್ಲಿಗಳಿಗೆ ಬರುವುದು ಆ ನೀರು. ಮಳೆ ತಡವಾದ ವರ್ಷಗಳಲ್ಲಿ ಮೇ ತಿಂಗಳಿಗೆ ಬಜೆ ಬತ್ತಿ ಊರಿಗೆ ನೀರಿನ ಬರ ಬಂದದ್ದಿದೆ. ಘಟ್ಟದ ಒರತೆ ಮಾರ್ಚಿನಲ್ಲಿ ಎಷ್ಟಿದೆ ಎಂಬುದು ಹಾಗಾಗಿ ಚಾರಣಿಗರೊಬ್ಬರ ಕುತೂಹಲ ಮಾತ್ರವಲ್ಲ.

ಕಾಡು ಇಂಗಿಸುವುದನ್ನು ಊರು ಕೆರೆ ಕಟ್ಟಿ ಹಿಡಿದಿಟ್ಟಿತು. ಹೆಬ್ರಿಯಿಂದ ಕಾರ್ಕಳಕ್ಕೆ ಬರುವ ದಾರಿಯಲ್ಲಿ ವರಂಗದ ಕೆರೆ ಇದೆ. ನಡುವಿನ ಚತುರ್ಮುಖ ಬಸದಿಗೆ ದೋಣಿಯಲ್ಲೇ ಹೋಗಬೇಕು. ಕಾರ್ಕಳ ಪೇಟೆಗೆ ತಾಗಿ ಆನೆಕೆರೆ, ರಾಮಸಮುದ್ರಗಳಿವೆ. ಬೆಳಿಗ್ಗೆ ಅಬ್ಬಿ, ಸಂಜೆ ಕೆರೆ ಎಂದು ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರಬಹುದು.

ಈ ಋತುವಿಗೆ ತಕ್ಕ ಎಚ್ಚರಗಳೂ ಇವೆ. ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಚಳಿಗಾಲದಿಂದ ಮುಂಗಾರಿನವರೆಗೆ ಮರಿ ಉಣುಗುಗಳು ತರಗೆಲೆಯಲ್ಲಿ ಹೆಚ್ಚು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ತೂರಿಸಿದ ಪ್ಯಾಂಟು, ಕಾಡಿಗೆ ಇಳಿಯುವ ಮುನ್ನ ಉಣುಗು ಹತ್ತದಂತೆ ಡೆಪಾ ತೈಲ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ: ಇಷ್ಟು ತಪ್ಪಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮುಂದಿನ ವಾರ ಹತ್ತು ದಿನದೊಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳಬೇಕು.

ಎರಡನೆಯದು ಹೆಜ್ಜೇನು. ಹೂವಿನ ಕಾಲವಾದ್ದರಿಂದ ಜಲಪಾತದ ಬಂಡೆಯ ಮರೆಯಲ್ಲಿ ಹುಟ್ಟಿ ಕಟ್ಟಿರುತ್ತದೆ. ಹೊಗೆ, ಸೆಂಟು, ಗದ್ದಲ ಮೂರೂ ಸಲ್ಲ. ಮೂರನೆಯದು ಬೆಂಕಿ. ಒಣಗಿದ ಕಾಡಿಗೆ ಕಿಡಿ ಸಾಕು. ಅದೇ ಕಾರಣಕ್ಕೆ ಅರಣ್ಯ ಇಲಾಖೆ ಬೇಸಗೆಯಲ್ಲಿ ಕೆಲವು ಚಾರಣದ ದಾರಿಗಳನ್ನು ಮುಚ್ಚುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ನೀರು ಕಡಿಮೆಯೆಂದು ಗುಂಡಿಗೆ ಧುಮುಕುವುದೂ ತಪ್ಪು: ಮೇಲಿನ ಧಾರೆ ತೆಳುವಾದರೂ ಗುಂಡಿಯ ಆಳ ಹೆಚ್ಚೇನೂ ಕಡಿಮೆಯಾಗುವುದಿಲ್ಲ, ಒದ್ದೆ ಪಾಚಿಯ ಜಾರು ಹಾಗೆಯೇ ಇರುತ್ತದೆ.

ಯುಗಾದಿ ಕಳೆದರೆ ಘಟ್ಟದ ಮೇಲೆ ಸಂಜೆಯ ಗುಡುಗುಮಳೆ ಶುರುವಾಗುತ್ತದೆ. ಕೆಳಗೆ ಬಿಸಿಲಿದ್ದರೂ ಮೇಲಿನ ಮಳೆ ಹೊಳೆಗೆ ದಿಢೀರನೆ ಕೆಂಪು ನೀರು ತರುವುದುಂಟು. ಆದ್ದರಿಂದ ಈ ಚಾರಣವನ್ನು ಮಾರ್ಚ್ ಮುಗಿಯುವುದರೊಳಗೆ, ಅದೂ ಮಧ್ಯಾಹ್ನದೊಳಗೆ ಮುಗಿಸುವುದು ಕ್ಷೇಮ.