ಕಣಜದ ಕುಣಿತವೂ ಅದರ ಪುನರುದ್ಧಾರವೂ

ಇಂಗ್ಲಿಷಿನ ‘ಬಾರ್ನ್’ ಎಂಬ ಶಬ್ದಕ್ಕೆ ನಮ್ಮಲ್ಲಿ ಸಮಾನಪದವಿಲ್ಲ. ಕಣಜವೆಂದರೆ ಪಶುಗಳು ಬಿಟ್ಟುಹೋಗುತ್ತವೆ. ಕೊಟ್ಟಿಗೆಯೆಂದರೆ ಧಾನ್ಯವು ಬಿಟ್ಟುಹೋಗುತ್ತದೆ. ಅಮೆರಿಕೆಯ ಒಕ್ಕಲಿಗರ ಆ ಕಟ್ಟಡದಲ್ಲಿ ಧಾನ್ಯ, ಹುಲ್ಲು, ದನ ಮೂರಕ್ಕೂ ಎಡೆಯುಂಟು. ನೆರೆಹೊರೆಯವರು ಕೂಡಿ ಅದನ್ನು ಎತ್ತಿ ನಿಲ್ಲಿಸಿದ ದಿನವೋ, ಮುಸುಕಿನ ಜೋಳವನ್ನು ಸುಲಿದ ರಾತ್ರಿಯೋ ಅಲ್ಲಿಯೇ ಪಿಟೀಲಿಗೆ ಕುಣಿಯುತ್ತಿದ್ದರು. ಆ ಕುಣಿತವನ್ನು ಈಗ ವಸ್ತುಸಂಗ್ರಹಾಲಯಗಳು ತೋರಿಸುತ್ತಿವೆ. ತೋರಿಸಲ್ಪಡುವುದು ಅದೇ ವಸ್ತುವೋ ಅಥವಾ ಅದರ ಛಾಯೆಯೋ ಎಂಬುದು ವಿಚಾರಣೀಯವಾಗಿದೆ.

ಹಳೆಯ ಮನೆಗಳನ್ನು ಕಿತ್ತು ತಂದು ಬಯಲಿನಲ್ಲಿ ಮರಳಿ ನಿಲ್ಲಿಸುವ ಪದ್ಧತಿಯನ್ನು 1891ರಲ್ಲಿ ಸ್ಟಾಕ್‌ಹೋಮಿನ ಸ್ಕಾನ್ಸೆನ್ ಪ್ರಸಿದ್ಧಿಗೆ ತಂದಿತು. ಅಮೆರಿಕೆಯಲ್ಲಿ ಅದನ್ನು ಮಹತ್ತಾಗಿ ಕೈಗೊಂಡವನು ಹೆನ್ರಿ ಫೋರ್ಡ್. ಮಿಷಿಗನ್ ಪ್ರಾಂತದ ಡಿಯರ್‌ಬಾರ್ನಿನಲ್ಲಿ ಅವನು ಕಟ್ಟಿದ ಗ್ರೀನ್‌ಫೀಲ್ಡ್ ವಿಲೇಜಿನ ಸಮರ್ಪಣವು 1929ರಲ್ಲಿ ನಡೆಯಿತು. ಹಳ್ಳಿಯ ಬಾಳನ್ನು ಕದಲಿಸಿದ ಮೋಟಾರು ಗಾಡಿಯ ನಿರ್ಮಾತೃವೇ ಆ ಬಾಳಿಗೆ ಆಲಯವನ್ನು ಕಟ್ಟಿಸಿದನೆಂಬುದು ಸ್ವಾರಸ್ಯವಾಗಿದೆ. ಬೆಂಜಮಿನ್ ಲವೆಟ್ ಎಂಬ ನೃತ್ಯಾಚಾರ್ಯನನ್ನು ಮ್ಯಾಸಚೂಸೆಟ್ಸಿನಿಂದ ಕರೆಸಿಕೊಂಡು, 1926ರಲ್ಲಿ ‘ಗುಡ್ ಮಾರ್ನಿಂಗ್’ ಎಂಬ ಲಕ್ಷಣಗ್ರಂಥವನ್ನೂ ಅವನು ಪ್ರಕಟಿಸಿದನು.

ಈ ಗ್ರಂಥವೇ ನಮ್ಮ ವಿಮರ್ಶೆಗೆ ಮುಖ್ಯ ವಿಷಯ. ಇದರಲ್ಲಿ ಹೆಜ್ಜೆಗಳಷ್ಟೇ ಅಲ್ಲದೆ ಸಭಾಮರ್ಯಾದೆಗಳೂ ವಿಧಿಸಲ್ಪಟ್ಟಿವೆ. ಮಡಕೆ ಬೇಕಾದವನು ಕುಂಬಾರನ ಮನೆಗೆ ಹೋಗುವಂತೆ ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂದು ಮಹಾಭಾಷ್ಯಕಾರರು ಹೇಳಿರುವುದನ್ನು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕೇಳಿ ನಕ್ಕಿದ್ದೆವು; ಅದರ ಅರ್ಥ ತಡವಾಗಿ ತಿಳಿಯಿತು. ಲಕ್ಷ್ಯವು ಮೊದಲು, ಲಕ್ಷಣವು ಅನಂತರ. ಆ ನಾಡಿನಲ್ಲಿ 19ನೆಯ ಶತಮಾನದಲ್ಲಿಯೇ ನೃತ್ಯಾಚಾರ್ಯರೂ ಕೈಪಿಡಿಗಳೂ ಇದ್ದುದು ನಿಜವೇ. ಆದರೆ ಫೋರ್ಡನು ಅವರಲ್ಲಿ ಸಭಾಭವನದ ಮಾರ್ಗವನ್ನು ಹಿಡಿದು, ಅದಕ್ಕೆ ದೇಶಿಯ ಹೆಸರನ್ನಿಟ್ಟನು. ಕ್ವಾಡ್ರಿಲ್ ಫ್ರಾನ್ಸಿನಿಂದ ಬಂದದ್ದು, ಪೋಲ್ಕ ಬೊಹೀಮಿಯದ್ದು, ವರ್ಜೀನಿಯ ರೀಲ್ ಇಂಗ್ಲೆಂಡಿನ ಕುಣಿತವೊಂದರ ಸಂತತಿ. 1937ರಲ್ಲಿ ಸಿದ್ಧವಾದ ಲವೆಟ್ ಹಾಲಿನಲ್ಲಿ ಸ್ಫಟಿಕದೀಪಗಳ ಕೆಳಗೆ ನಡೆದದ್ದು ಕಣಜದ ಕುಣಿತವೆಂದು ಒಪ್ಪುವುದು ಕಷ್ಟ.

ಇದಕ್ಕಿಂತ ಗುರುತರವಾದ ದೋಷ ಇನ್ನೊಂದುಂಟು. ಈ ಕುಣಿತದ ಜೀವವು ‘ಕಾಲರ್’ ಎಂಬ ಕೂಗುಗಾರನಲ್ಲಿದೆ. ನರ್ತಕರ ಮುಂದಿನ ಚಲನವನ್ನು ಅವನು ಆಯಾ ಕ್ಷಣದಲ್ಲಿ ತಾಳಕ್ಕೆ ಸರಿಯಾಗಿ ಕೂಗಿ ಹೇಳುತ್ತಾನೆ. ಗುಂಪು ತಪ್ಪಿದರೆ ತಾನೇ ಮಾರ್ಪಡಿಸಿಕೊಳ್ಳುತ್ತಾನೆ. ಈ ಕೂಗುವಿಕೆಯನ್ನು ಬೆಳೆಸಿದವರಲ್ಲಿ ಕಪ್ಪು ಜನಾಂಗದ ಪಿಟೀಲುವಾದಕರು ಅಗ್ರಗಣ್ಯರೆಂದು ಫಿಲ್ ಜೇಮಿಸನ್ನರು 2015ರ ತಮ್ಮ ಗ್ರಂಥದಲ್ಲಿ ಸಾಧಾರವಾಗಿ ಪ್ರತಿಪಾದಿಸಿದ್ದಾರೆ. ಬ್ಯಾಂಜೋ ವಾದ್ಯವೂ ಆಫ್ರಿಕ ಮೂಲದ್ದೇ. ಫೋರ್ಡನಾದರೋ ಈ ಕುಣಿತವನ್ನು ಜಾಸ್ ಸಂಗೀತಕ್ಕೆ ಪ್ರತಿಯಾಗಿ ನಿಲ್ಲಿಸಿದನು. ಅವನ ಪತ್ರಿಕೆಯು 1921ರಲ್ಲಿ ಜಾಸನ್ನು ಯೆಹೂದ್ಯರ ಕುತಂತ್ರವೆಂದು ದೂಷಿಸಿತ್ತು. ಯಾರ ಕೊಡುಗೆಯಿಂದ ಕಲೆಯು ಪುಷ್ಟವಾಯಿತೋ ಅವರನ್ನೇ ಹೊರಗಿಟ್ಟು ಅದನ್ನು ಶುದ್ಧವೆನ್ನುವುದು ವಿದ್ವತ್ತಿಗೆ ಸಮ್ಮತವಾದ ಜೀರ್ಣೋದ್ಧಾರವಲ್ಲ.

ಆದರೂ ಸಂಗ್ರಹಾಲಯದ ಕುಣಿತವೆಲ್ಲ ಹುಸಿಯೆನ್ನಲಾಗದು. ಕೂಗುಗಾರನು ಗ್ರಂಥವನ್ನು ಬದಿಗಿಟ್ಟು, ಬಂದ ಜನರ ಕಾಲುಗಳನ್ನು ನೋಡಿ ಕೂಗಿದರೆ, ಅಪರಿಚಿತರು ಕೈಹಿಡಿದು ತಪ್ಪುಹೆಜ್ಜೆಯಿಡುವ ಆ ಗಳಿಗೆಯಲ್ಲಿ ಮೂಲವಸ್ತುವೇ ಮರಳುತ್ತದೆ. ಗ್ರೀನ್‌ಫೀಲ್ಡ್ ವಿಲೇಜಿನಲ್ಲಿ ಒಹಾಯೊ ಪ್ರಾಂತದಿಂದ ತಂದು 1985ರಲ್ಲಿ ತೆರೆದ ಫೈರ್‌ಸ್ಟೋನ್ ಕುಟುಂಬದ ಹೊಲಮನೆಯಲ್ಲಿ ನಿಜವಾದ ಬಾರ್ನ್ ಒಂದಿದೆ. ಲವೆಟ್ ಹಾಲ್ ಅಲ್ಲಿಂದ ದೂರವಿಲ್ಲ.